‘ಪುಟ್ ಔಟ್’ ಅನ್ನುವ ಕಂದೀಲಿನ ಗನಿಸಾಬರು

ವಿಜಾಪುರಕ್ಕೆ ಇನ್ನೂ ಬೆಳಕು ಹರಿದಿಲ್ಲ. ಅಥಣಿ ರಸ್ತೆಗೆ ಹತ್ತಿದ ಓಣಿಯಲ್ಲಿ ಹೆಗಲ ಮೇಲೆ ನಿಚ್ಚಣಿಕೆ, ಕೈಯಲ್ಲಿ ಇನ್ನೂ ಹಚ್ಚದ ಸಣ್ಣದೊಂದು ಲಾಟೀನು ಹಿಡಿದು ಅಬ್ದುಲಗನಿ ಬರುತ್ತಿದ್ದಾರೆ. ಕಂಬಕ್ಕೆ ನಿಚ್ಚಣಿಕೆ ಆನಿಸಿ ಹತ್ತುತ್ತಾರೆ. ಕಂದೀಲಿನ ಗಾಜಿನ ಬಾಗಿಲು ತೆರೆದು, ಬತ್ತಿ ಇಳಿಸಿ, ಉಫ್ ಎಂದು ಊದುತ್ತಾರೆ. ಇಳಿದವರೇ “ಪುಟ್ ಔಟ್” ಎನ್ನುತ್ತಾರೆ. ಯಾರಿಗೆ ಹೇಳಿದರೆಂದು ನಾನು ಸುತ್ತ ನೋಡುತ್ತೇನೆ. ಮಲಗಿದ್ದ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ.

“ನನಗ ನಾನ ಹೇಳಿಕೊಂಡೇನ್ರಿ,” ಎಂದು ನಗುತ್ತಾರೆ. “ಇಲ್ಲಾಂದ್ರ ಎಷ್ಟು ಆದವು ಅನ್ನೂದು ಮರತ ಹೋಗ್ತೈತಿ.”

ಮುನಸಿಪಾಲ್ಟಿಯ ಬೀದಿದೀಪಗಳನ್ನು ಸಂಜೆ ಹಚ್ಚುವುದು, ಬೆಳಗಿನ ಜಾವ ಆರಿಸುವುದು ಇವರ ಕೆಲಸ. ಈ ಎರಡನೆಯ ಮಾತು ಬರೆಯುವಾಗ ನನ್ನ ಪೆನ್ನೂ ಸ್ವಲ್ಪ ತಡೆಯಿತು. ನಮ್ಮ ಕಡೆ ಯಾರೂ ‘ದೀಪ ಆರಿಸು’ ಎನ್ನುವುದಿಲ್ಲ. ದೀಪ ಶಾಂತ ಮಾಡು ಎನ್ನುತ್ತೇವೆ, ದೊಡ್ಡದು ಮಾಡು ಎನ್ನುತ್ತೇವೆ. ಮನೆಯ ದೀಪ ಆರಿತು ಎಂದರೆ ಆ ಮನೆಯ ಕುಡಿ ಹೋಯಿತೆಂದೇ ಅರ್ಥ. ಉಳಿದವರು ದಿನಕ್ಕೊಮ್ಮೆ ನಾಲಿಗೆ ಕಚ್ಚಿಕೊಂಡರೆ ಸಾಕು. ಗನಿಸಾಬರಿಗೆ ಅದೇ ಹೊಟ್ಟೆಪಾಡು. “ಇಷ್ಟು ಆರಿಸಿ ಬಂದೆ ಅಂತ ಮನ್ಯಾಗ ಅಂದ್ರ ನಮ್ಮ ಪೀರಾಂಬಿ ರೊಟ್ಟಿ ಹಾಕೂದಿಲ್ಲರಿ,” ಎನ್ನುತ್ತಾರೆ ಹೆಂಡತಿಯ ಹೆಸರು ಹೇಳಿ.

ಇಂಗ್ಲಿಷ್ ಮಾತು ಸಿಕ್ಕಿದ್ದು ಯುದ್ಧದ ದಯದಿಂದ. ವಿಮಾನದಾಳಿಯ ಭಯಕ್ಕೆ ಊರೆಲ್ಲ ಕತ್ತಲೆ ಮಾಡುವ ಕವಾಯತಿನ ದಿನ ಅಧಿಕಾರಿಯೊಬ್ಬರು ಓಣಿಯುದ್ದಕ್ಕೂ ‘ಪುಟ್ ಔಟ್’ ಎಂದು ಕೂಗುತ್ತ ಹೋದರು. ತಿಕೋಟಾ ಸಾಲಿಯಲ್ಲಿ ಇಂಗ್ಲಿಷ್ ಕಲಿಸುವ ಬಸಲಿಂಗಯ್ಯ ಮಾಸ್ತರರ ಮನೆ ಇದೇ ಓಣಿಯಲ್ಲಿದೆ. ಗನಿಸಾಬರು ಅವರ ಕಟ್ಟೆಗೆ ಹೋಗಿ ಕೇಳಿದರು.

“ದೀಪಕ್ಕ ಅಂತಾರ, ಬೆಂಕಿಗೆ ಅಂತಾರ, ಸೇದೂ ಬೀಡಿಗೂ ಅಂತಾರ,” ಎಂದರು ಮಾಸ್ತರರು.

“ಮನಶ್ಯಾರಿಗೂ ಅಂತಾರೇನ್ರಿ?”

“ಅಂತಾರಪ್ಪ. ಆದ್ರ ಅವಗ ಬ್ಯಾಸರಾಗೇತಿ ಅಂತ ಅರ್ಥ. ಸತ್ತ ಅಂತ ಅಲ್ಲ.”

ಗನಿಸಾಬರಿಗೆ ಅಷ್ಟೇ ಬೇಕಿತ್ತು. ಅಂದಿನಿಂದ ಅವರ ಬಾಯಲ್ಲಿ ಅದೇ ಮಾತು. ಪೀರಾಂಬಿಯೂ ಈಗ ಚಹಾ ಕೊಡುತ್ತ “ಎಲ್ಲಾ ಪುಟ್ ಔಟ್ ಆದುವೇನು?” ಎಂದು ಕೇಳುತ್ತಾರಂತೆ.

ಆದರೆ ಒಂದು ಕಂಬದ ಕೆಳಗೆ ಆ ಇಂಗ್ಲಿಷ್ ನಡೆಯಲಿಲ್ಲ. ಅದು ಗುರುಬಾಯಿಯವರ ಮನೆಮುಂದಿನ ಕಂಬ. ಗಂಡನಿಲ್ಲದ ಆ ತಾಯಿಗೆ ಇರುವವನು ಒಬ್ಬನೇ ಮಗ, ಶಿವಯೋಗೆಪ್ಪ. ಪಲ್ಟನ್ ಸೇರಿ ಬ್ರಹ್ಮದೇಶದ ಕಡೆ ಹೋದವನ ಸುದ್ದಿಯೇ ಇಲ್ಲದೆ ಬಹಳ ದಿನಗಳಾಗಿವೆ. ಒಂದು ಬೆಳಗಿನ ಜಾವ ಗನಿಸಾಬರು ನಿಚ್ಚಣಿಕೆ ಆನಿಸುತ್ತಿದ್ದಂತೆ ಆಕೆ ಹೊಸ್ತಿಲಲ್ಲಿ ನಿಂತು, “ತಮ್ಮಾ, ಅದೊಂದು ಇರಲಿ ಬಿಡೋ. ಅದು ಹ್ವಾದ್ರ ಎದಿ ಧಸಕ್ ಅಂತೈತಿ,” ಎಂದರು.

ಗನಿಸಾಬರು ಬಿಟ್ಟರು. ಹೊತ್ತು ಏರಿದ ಮೇಲೂ ಕಂದೀಲು ಉರಿಯುತ್ತಿದ್ದುದು ಮುನಸಿಪಾಲ್ಟಿ ಜಮಾದಾರರ ಕಣ್ಣಿಗೆ ಬಿತ್ತು. ಯುದ್ಧದ ಕಾಲ, ಚಿಮಣಿ ಎಣ್ಣೆ ಔಷಧದಷ್ಟು ಸಿಗುತ್ತದೆ. ಇನ್ನೊಮ್ಮೆ ಹೀಗಾದರೆ ನಿಚ್ಚಣಿಕೆ ಒಪ್ಪಿಸಿ ನಿನ್ನ ಹುಟ್ಟೂರು ಬಬಲೇಶ್ವರಕ್ಕೆ ನಡೆ ಎಂದರು. ಬಬಲೇಶ್ವರದಲ್ಲಿ ಗನಿಸಾಬರಿಗೆ ಹೊಲವೂ ಇಲ್ಲ, ಮನೆಯೂ ಇಲ್ಲ. ಜಮಾದಾರರದು ತಪ್ಪೆಂದು ನಾನು ಹೇಳಲಾರೆ. ಗುರುಬಾಯಿಯವರದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಮರುದಿನ ಗನಿಸಾಬರು ಮಾಸ್ತರರ ಪಾಠವನ್ನು ಆಕೆಗೂ ಒಪ್ಪಿಸಿ ನೋಡಿದರು. “ಅಕ್ಕಾ, ಇಂಗ್ಲೀಷಿನ್ಯಾಗ ಇದಕ್ಕ ಕೆಟ್ಟ ಅರ್ಥ ಇಲ್ಲ.”

“ಯಾವ ಭಾಷಾದಾಗ ಅಂದ್ರೇನೋ ತಮ್ಮಾ, ಕತ್ತಲಿ ಕತ್ತಲೀನ,” ಎಂದರು ಗುರುಬಾಯಿ.

ಗನಿಸಾಬರು ಆ ಕಂಬಕ್ಕೆ ನಿಚ್ಚಣಿಕೆ ಆನಿಸಿದರು. ಆಮೇಲೆ ಹತ್ತಿ, ಕಂದೀಲಿನ ಉರಿಯಿಂದ ಮೊದಲು ಕೈಯಲ್ಲಿದ್ದ ಲಾಟೀನು ಹಚ್ಚಿಕೊಂಡರು. ಕಂದೀಲು ಊದಿ ಇಳಿದು, ಲಾಟೀನನ್ನು ಆಕೆಯ ಮುಂದೆ ಹಿಡಿದು, “ಎಲ್ಲಿ ಹೋತು ಅಕ್ಕಾ? ಇಲ್ಲೇ ಐತಿ. ಒಲಿ ಹಚ್ಚಿಕೊ,” ಎಂದರು.

ಅಂದಿನಿಂದ ಅವರ ಸುತ್ತಿನಲ್ಲಿ ಆ ಕಂಬವೇ ಕೊನೆಯದು. ಕಂದೀಲಿನ ಬೆಂಕಿ ಗುರುಬಾಯಿಯವರ ಒಲೆಗೆ ಹೋಗುತ್ತದೆ. ಹಗಲೆಲ್ಲ ಬೂದಿಯೊಳಗೆ ಕೆಂಡವಾಗಿರುತ್ತದೆ. ಸಂಜೆ ಅದೇ ಕೆಂಡದಿಂದ ಲಾಟೀನು ಹೊತ್ತಿಸಿಕೊಂಡು ಗನಿಸಾಬರು ಮೊದಲು ಆ ಕಂಬವನ್ನೇ ಹತ್ತುತ್ತಾರೆ. ಎಣ್ಣೆ ಹಾಳಾಗುವುದಿಲ್ಲ, ಕಡ್ಡಿಪೆಟ್ಟಿಗೆಯೂ ಉಳಿಯುತ್ತದೆ. ಜಮಾದಾರರದು ಈಗ ತಕರಾರಿಲ್ಲ.

ನಾನು ಹೋದ ದಿನವೂ ಗುರುಬಾಯಿ ಹಣತೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾರೆ. ಲಾಟೀನಿನಿಂದ ಹಣತೆ ಹೊತ್ತಿದ್ದನ್ನು ನೋಡಿಕೊಂಡು, “ಈಗ ಅನ್ನು ನಿನ್ನ ಪುಟ್ ಔಟು,” ಎಂದು ಛೇಡಿಸಿ ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಬಿದ್ದ ವಾಸನೆ ಬರುತ್ತದೆ. ನನಗೂ ಒಂದು ಸಿಕ್ಕಿತು, ಬೆಣ್ಣೆ ಹಚ್ಚಿದ್ದು.

ಮುನಸಿಪಾಲ್ಟಿಯಿಂದ ಏನಾದರೂ ಆಗಬೇಕೇ ಎಂದು ಹೊರಡುವಾಗ ಕೇಳುತ್ತೇನೆ. ಗನಿಸಾಬರು ನಿಚ್ಚಣಿಕೆಯ ಅಲುಗಾಡುವ ಮೆಟ್ಟಿಲನ್ನು ಸವರುತ್ತ ಯೋಚಿಸುತ್ತಾರೆ.

“ಈ ಮೆಟ್ಟಲಾ ಒಂದು ಗಟ್ಟಿ ಮಾಡಿಸಿ ಕೊಟ್ರ ಸಾಕ್ರಿ. ಶಿವಯೋಗೆಪ್ಪ ಬಂದ ಮುಂಜಾನೆ ನಾ ಹತ್ತೂದಿಲ್ಲ. ಕೆಳಗ ನಿಚ್ಚಣಿಕಿ ಹಿಡಕೊಂಡ ನಿಂದರತೇನಿ. ಅವನೇ ಹತ್ತಿ, ಅವರವ್ವನ ಕಣ್ಣಮುಂದ ಊದಲಿ. ಅವತ್ತು ಕನ್ನಡದಾಗ ಅಂದ್ರೂ ಆಕಿ ಎದಿ ಧಸಕ್ ಅನ್ನೂದಿಲ್ಲ.”