ಬಹಾರೊಂ ಮೇಷ್ಟ್ರ ಚಹಾ ಪರೀಕ್ಷೆ

ಕಾಲು ಸ್ವಾಧೀನವಿಲ್ಲದವರ ಕಾರಿಗೆ ಕೈಯಲ್ಲೇ ನಡೆಯುವ ಬ್ರೇಕು, ಆಕ್ಸಿಲರೇಟರು ಕೂಡಿಸಿಕೊಡುವುದು ತೈಪಿಂಗ್ ಊರಿನಲ್ಲಿ ನನ್ನ ಕಸುಬು. ಬಹಾರೊಂ ಮೇಷ್ಟ್ರಂಥ ಗಿರಾಕಿ ಮಾತ್ರ ಶತ್ರುವಿಗೂ ಬೇಡ. ಪ್ರತಿ ಶನಿವಾರ ಗಾಲಿಕುರ್ಚಿಯಲ್ಲಿ ಬರುತ್ತಾರೆ, ಇಲ್ಲಿನ ಅಂಗಡಿಗಳು ದಾರ ಕಟ್ಟಿ ಕೊಡುವ ಪ್ಲಾಸ್ಟಿಕ್ ಚೀಲದ ಚಹಾ ಬೆರಳಿನಿಂದ ತೂಗುತ್ತಿರುತ್ತದೆ. ಅದನ್ನು ನನ್ನ ಮಾದರಿ ಕಾರಿನ ಕನ್ನಡಿಗೆ ನೇತುಹಾಕಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು, ಅಂಕ ಕೊಡುತ್ತಾರೆ. ಬ್ರೇಕಿಗೆ ಒತ್ತಿ, ವೇಗಕ್ಕೆ ಎಳೆಯುವ ಹಿಡಿಕೆಗೆ, “ಚಹಾ ಕೈಗೇ ಸಿಗಲ್ವಲ್ಲಪ್ಪ, ಹತ್ತಕ್ಕೆ ನಾಲ್ಕು.” ಸ್ಟೀರಿಂಗಿನ ಮೇಲೆ ಕೂಡಿಸಿದ ಆಕ್ಸಿಲರೇಟರ್ ಬಳೆಗೆ, “ಅರ್ಧ ಚಹಾ ತೊಡೆ ಮೇಲೆ, ಹತ್ತಕ್ಕೆ ಎರಡು.” ಆರನೇ ಶನಿವಾರ ನನಗೆ ರೇಗಿತು. “ಮೇಷ್ಟ್ರೇ, ಕಾರು ಓಡಿಸ್ತೀರೋ, ಚಹಾ ಅಂಗಡಿ ಇಡ್ತೀರೋ? ಮನೇಲೇ ಕುಡ್ಕೊಂಡು ಬನ್ನಿ!” ಅವರು ನಕ್ಕರು. “ಎಂಟು ವರ್ಷದಿಂದ ತಮ್ಮನ ಕಾರಲ್ಲೇ ಓಡಾಟ ಕಣಪ್ಪ. ಹೊರಡೋ ದಿನ ಬೆಳಗ್ಗೆಯಿಂದ ಗುಟುಕು ನೀರೂ ಕುಡಿಯಲ್ಲ. ದಾರೀಲಿ ಒಂದಕ್ಕೆ ಹೋಗ್ಬೇಕು ಅಂದ್ರೆ ಅವನು ಕುರ್ಚಿ ಇಳಿಸ್ಬೇಕು, ನನ್ನನ್ನ ಎತ್ಬೇಕು, ಕಾಯ್ಬೇಕು. ಪಾಪ, ಎಷ್ಟು ಸಲ ಅಂತ ಕೇಳೋದು? ಸ್ವಂತ ಕಾರಾದ್ರೆ ಯಾರನ್ನೂ ಕೇಳ್ಬೇಕಿಲ್ಲ, ದಾರಿಯುದ್ದಕ್ಕೂ ಕುಡೀಬಹುದು.” ನಾನು ಹಿಡಿಕೆಯ ಪಕ್ಕದಲ್ಲೇ ಚೀಲಕ್ಕೊಂದು ಕೊಕ್ಕೆ ಬೆಸೆದೆ. ಮುಂದಿನ ಶನಿವಾರ ಮೇಷ್ಟ್ರು ಎರಡು ಚೀಲ ಚಹಾ ತಂದರು. ಒಂದು ನನಗಿರಬೇಕೆಂದು ಕೈ ಚಾಚಿದೆ. ಎರಡನ್ನೂ ಅವರೇ ಕುಡಿದರು.