ಬಕ್ಕೇಶಪ್ಪ ಮೇಷ್ಟ್ರು ಓದದೆ ಬಿಟ್ಟ ಸಾಲು

ಹರಿಹರದ ಬಕ್ಕೇಶಪ್ಪ ಮೇಷ್ಟ್ರು ಊರಿಗೆ ಮರಳುವ ಸಂಜೆಯ ರೈಲನ್ನು ಒಂದು ದಿನವೂ ತಪ್ಪಿಸಿಕೊಂಡವರಲ್ಲ. ದಿನಾ ದಾವಣಗೆರೆಗೆ ಬಂದು, ಬಿ.ಎ. ಓದುವವರಿಗೆ ದೇಶದೇಶಗಳ ಸರ್ಕಾರಗಳನ್ನು ಹೋಲಿಸುವ ಪಾಠ ಹೇಳಿ ಹೋಗುತ್ತಿದ್ದರು. ಇಂಗ್ಲೆಂಡು, ಅಮೆರಿಕ, ಸ್ವಿಟ್ಜರ್ಲೆಂಡು ಎಲ್ಲ ನಾಲಿಗೆ ತುದಿಯಲ್ಲಿ. ಕಂಡ ಪರದೇಶ ಮಾತ್ರ ರಾಣೇಬೆನ್ನೂರು! ನಗಬೇಡಿ. ಐವತ್ತಾರರ ತನಕ ಹರಿಹರದ ಸೇತುವೆಯ ಈ ತುದಿ ಮೈಸೂರು ಸರ್ಕಾರ, ಆ ತುದಿ ಮುಂಬಯಿ ಸರ್ಕಾರ.

"ಒಂದೇ ಹೊಳಿ ನೀರು, ಎರಡು ಸರ್ಕಾರ. ಹೋಲ್ಸೋದನ್ನ ನಾನು ಆ ಸೇತುವೆ ಮ್ಯಾಲೇ ಕಲ್ತೀನಿ" ಎನ್ನುತ್ತಿದ್ದರು.

ಅರವತ್ತನಾಲ್ಕರಲ್ಲಿ ಅವರಿಗೊಂದು ಹುಕಿ ಬಂತು. "ಲಂಡನ್ ಬ್ಯಾಡ. ನಿಮ್ಮ ಮನಿ ಆಡಳಿತ ಹೆಂಗೈತೆ, ಯಾವ ದೇಶದ್ದನ್ನ ಹೋಲ್ತೈತೆ, ಬರ್ಕೊಂಡ್ ಬರ್ರಿ" ಎಂದರು.

ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ಶಾಂತಕುಮಾರಿ, ಪಿ.ಜೆ. ಬಡಾವಣೆಯ ಹತ್ತಿ ವ್ಯಾಪಾರಿ ಶಿವಯೋಗಪ್ಪನವರ ಮಗಳು. ಅವಳು ಬರೆದಳು: "ನಮ್ಮ ತಂದೆ ಇಂಗ್ಲೆಂಡಿನ ರಾಣಿ ಇದ್ದಂತೆ. ಎಲ್ಲ ಹುಕುಂ ಅವರ ಹೆಸರಿನಲ್ಲೇ ಹೊರಡುತ್ತದೆ. ತೀರ್ಮಾನ ಮಾಡುವ ಪ್ರಧಾನಿ ನಮ್ಮ ಅಜ್ಜಿ."

ಇಪ್ಪತ್ತು ವರ್ಷ ತಾವು ಹೇಳಿ ಸೋತದ್ದನ್ನು ಈ ಹುಡುಗಿ ಮೂರು ಸಾಲಿನಲ್ಲಿ ಹೇಳಿದ್ದಳು. ಮೇಷ್ಟ್ರು ಹಿಗ್ಗಿಹೋದರು. ಹಿಗ್ಗಿನಲ್ಲಿ ಬುದ್ಧಿ ಎಲ್ಲಿರುತ್ತದೆ? ಇನ್ನೊಬ್ಬರ ಮನೆಯ ಮಾತು ಎಂಬುದನ್ನೂ ಮರೆತು ತರಗತಿಯಲ್ಲಿ ಗಟ್ಟಿಯಾಗಿ ಓದಿಬಿಟ್ಟರು. ಹುಡುಗರು ಬೆಂಚು ಬಡಿದು ನಕ್ಕರು. ಕೊನೆಯ ಸಾಲನ್ನು ಮಾತ್ರ ಮೇಷ್ಟ್ರು ಓದಲಿಲ್ಲ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಅದರ ಪಕ್ಕ ಕೆಂಪು ಶಾಯಿಯಲ್ಲಿ 'ವಿಷಯಕ್ಕೆ ಸಂಬಂಧವಿಲ್ಲ' ಎಂದು ಬರೆದಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರೇ ದಿನಕ್ಕೆ ಹತ್ತಿ ಮಂಡಿಯಲ್ಲಿ ಶಿವಯೋಗಪ್ಪನವರನ್ನು ಕಂಡವರೆಲ್ಲ, "ರಾಣಿಯವ್ರು ಬಂದ್ರು, ದಾರಿ ಬಿಡ್ರಪ್ಪಾ" ಎನ್ನತೊಡಗಿದರು. ನಾಲ್ಕನೆಯ ದಿನ ಶಾಂತಕುಮಾರಿ ತರಗತಿಗೆ ಬರಲಿಲ್ಲ. ಓದು ಬಿಡಿಸಿದರಂತೆ.

ಮೇಷ್ಟ್ರು ತಮ್ಮನ್ನೇ ಬೈದುಕೊಂಡರು. ಅಂಥ ಹುಡುಗಿಯ ಓದು ತಮ್ಮ ಬಾಯಿಚಪಲಕ್ಕೆ ನಿಂತುಹೋಯಿತಲ್ಲ! ಮರುದಿನ ಪಾಠ ಮುಗಿಸಿ ಸೀದಾ ಆ ಮನೆಗೇ ಹೋದರು.

ಶಿವಯೋಗಪ್ಪ ಕೂಡ್ರಿ ಎಂದರು, ನಗಲಿಲ್ಲ.

"ತಪ್ಪು ನಂದು ಯಜಮಾನ್ರೆ. ನನ್ನನ್ನ ಬೈರಿ. ಹುಡುಗಿ ಓದು ಬಿಡಿಸ್ಬ್ಯಾಡ್ರಿ."

"ಆಗೋದಿಲ್ರಿ. ನಾನು ಹೇಳಿದ್ ಮ್ಯಾಲೆ ಮುಗೀತು" ಎಂದ ಶಿವಯೋಗಪ್ಪ, ಹೇಳಿ ಮುಗಿಸುವಷ್ಟರಲ್ಲೇ ಒಳಬಾಗಿಲ ಕಡೆ ನೋಡಿದರು. ಅಲ್ಲಿ ಅವರ ತಾಯಿ ಬಸವಣ್ಣೆಮ್ಮ ನಿಂತಿದ್ದರು.

"ಊರೆಲ್ಲ ಕೇಳೈತೆ, ನಾನೊಬ್ಬಾಕಿ ಕೇಳಿಲ್ಲ. ಅದೇನ್ ಬರ್ದೀಯೋ ಓದೇ ಶಾಂತಾ" ಎಂದರು ಅಜ್ಜಿ.

ಶಾಂತಕುಮಾರಿ ನೋಟ್‌ಬುಕ್ಕು ತಂದು ಓದಿದಳು. ಪ್ರಧಾನಿ ಎಂಬಲ್ಲಿ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ಅಷ್ಟಕ್ಕೇ ನಿಲ್ಲಿಸಿ ಕೆಂಪು ಶಾಯಿಯನ್ನು ನೋಡಿದಳು.

"ಇನ್ನೂ ಐತಲ್ಲ, ಓದು."

"'ನಮ್ಮವ್ವನಿಗೆ ದೇಶದಲ್ಲಿ ಓಟಿದೆ, ಮನೆಯಲ್ಲಿಲ್ಲ, ಅವಳನ್ನು ಯಾರೂ ಏನನ್ನೂ ಕೇಳುವುದಿಲ್ಲ.'"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಸವಣ್ಣೆಮ್ಮ ಆ ಕಡೆ ತಿರುಗಿದರು. ಸೊಸೆಯನ್ನು ಕೂಗಿದರು.

"ಕಸ್ತೂರಿ, ಈಚೆ ಬಾ. ಹುಡುಗಿ ಓದ್ಬೇಕೋ, ಬ್ಯಾಡೋ? ನೀ ಹೇಳು."

ಕಸ್ತೂರಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಅತ್ತೆಯನ್ನೂ ಗಂಡನನ್ನೂ ನೋಡಿದರು. ಯಾರಾದರೂ ಕೇಳಿ ರೂಢಿಯಿಲ್ಲ, ಪಾಪ. ಕಡೆಗೆ, "ಓದ್ಲಿ" ಎಂದರು.

ಶಿವಯೋಗಪ್ಪ ಗಂಟಲು ಸರಿಮಾಡಿಕೊಂಡರು. "ಆತು ಬಿಡ್ರಿ. ಅವ್ವ ಹೇಳಿದ್ ಮ್ಯಾಲೆ..."

"ನಾನೆಲ್ಲೋ ಹೇಳ್ದೆ? ಹೇಳಿದ್ದು ನಿನ್ ಹೆಂಡ್ತಿ!"

ಮೇಷ್ಟ್ರು ಶಾಂತಕುಮಾರಿಯ ಕೈಯಿಂದ ನೋಟ್‌ಬುಕ್ಕನ್ನು ಇಸಿದುಕೊಂಡು, ತಾವು ಬರೆದ ಕೆಂಪು ಸಾಲನ್ನು ಹೊಡೆದುಹಾಕಿದರು. ಇಷ್ಟು ವರ್ಷ ಹೋಲಿಸಿ ಹೋಲಿಸಿ ತಮಗೆ ಕಾಣದ್ದು ಈ ಮಗುವಿಗೆ ಕಂಡಿತ್ತಲ್ಲ ಎಂದು ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಹರಿಹರದಲ್ಲಿ ತಮ್ಮ ಹೆಂಡತಿಯನ್ನು ತಾವು ಯಾವತ್ತು ಏನು ಕೇಳಿದ್ದುಂಟು? ನೆನಪಾಗಲಿಲ್ಲ. ರೈಲಿನ ಹೊತ್ತಾಯಿತೆಂದು ಎದ್ದರು.

"ರೊಟ್ಟಿ ಬಡೀತೀನಿ. ಉಂಡೇ ಹೋಗ್ರಿ, ಮೇಷ್ಟ್ರೆ" ಎಂದರು ಕಸ್ತೂರಮ್ಮ. ಈ ಸಲ ಯಾರ ಮುಖವನ್ನೂ ನೋಡಲಿಲ್ಲ.

ಮೇಷ್ಟ್ರು ಮತ್ತೆ ಕೂತರು. ರೈಲು ಅವರನ್ನು ಬಿಟ್ಟು ಹರಿಹರಕ್ಕೆ ಹೋಯಿತು.