ಸೈಲೆನ್ಸರ್ ತೂತು ಬಿದ್ದ ದಸರೆ

ನಮ್ಮತ್ತೆ ಕಾಫಿ ಬೆರೆಸುವ ಹೊತ್ತಿನ ಬಗ್ಗೆ ನನಗೆ ಆ ಮಳೆಗಾಲದಿಂದ ಅಚ್ಚರಿಯಿತ್ತು. ಸಂಜೆ ನಾನು ಕಾಲೇಜಿನಿಂದ ಬಂದು, ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ ಚಪ್ಪಲಿ ಬಿಡುವುದಕ್ಕೂ ಅವರು ಹಬೆಯಾಡುವ ಲೋಟವನ್ನು ಮೇಜಿನ ಮೇಲಿಡುವುದಕ್ಕೂ ಸರಿಹೋಗುತ್ತಿತ್ತು. ನಾನು ಬರುವ ಹೊತ್ತೋ, ಒಂದು ದಿನದಂತೆ ಇನ್ನೊಂದು ದಿನವಿಲ್ಲ. ಅತ್ತೆಗೆ ಕಿವಿ ಮಂದ; ಕರೆಗಂಟೆ ಕೇಳದು, ಕುಕ್ಕರಿನ ಸೀಟಿ ಕೇಳದು; ಕಿವಿಯ ಮೆಷಿನ್ನು ಕಾಗೆಯ ಕೂಗನ್ನೂ ಮನುಷ್ಯರ ಮಾತನ್ನೂ ಒಂದೇ ಮಾಡುತ್ತದೆಂದು ಬೈದು ಅದನ್ನು ಡಬ್ಬಿಗೆ ಸೇರಿಸಿದ್ದಾರೆ. ಕಿಟಕಿಯಲ್ಲಿ ನೋಡುತ್ತಿರಬಹುದೇ ಎಂದರೆ ಅಡುಗೆಮನೆಯ ಕಿಟಕಿ ಇರುವುದು ಹಿಂದಿನ ಓಣಿಯ ಕಡೆಗೆ. ಭೌತಶಾಸ್ತ್ರ ಪಾಠ ಹೇಳುವವಳಿಗೆ ಇದು ಕಾಡಬೇಕಾದ ಪ್ರಶ್ನೆಯೇ. ಆದರೆ ಬಿಸಿ ಕಾಫಿ ಕೈಗೆ ಬಂದಾಗ ಯೋಚನೆ ಯಾರಿಗೆ ಬೇಕು, ಹೇಳಿ.

ನಾವಿರುವುದು ಬಂಗಾಳಿಗಳ ನಡುವೆ, ಸಾಲ್ಟ್ ಲೇಕ್ ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ. ಕಾಲೇಜು ತೀರ ಹತ್ತಿರ, ನಮ್ಮ ಹಳೇ ಕಾರಿನ ಕಾಯಿಲೆಗೆ ಆ ಹತ್ತಿರವೇ ಮೂಲ. ಪೆಟ್ರೋಲು ಉರಿದಾಗ ಹೊಗೆಯ ಜೊತೆಗೆ ನೀರಾವಿಯೂ ಹುಟ್ಟುತ್ತದೆ. ದೂರ ಓಡಿದರೆ ಹೊಗೆಕೊಳವೆ ಚೆನ್ನಾಗಿ ಕಾದು ಆ ನೀರು ಆರಿಹೋಗುತ್ತದೆ; ನಾಲ್ಕು ತಿರುವು ತಿರುಗಿ ನಿಂತುಬಿಟ್ಟರೆ ಒಳಗೇ ತಂಗಿ ಕಬ್ಬಿಣವನ್ನು ತಿನ್ನುತ್ತದೆ. ಓಡಿ ಓಡಿ ಸವೆಯುವುದನ್ನು ನಾವೆಲ್ಲ ಬಲ್ಲೆವು. ಇದ್ದಲ್ಲೇ ಇದ್ದು ಒಳಗಿಂದೊಳಗೆ ಸವೆಯುವ ಬಗೆಯೂ ಒಂದಿದೆ ಎಂಬುದು ನನಗೆ ಹೊಳೆದದ್ದು ಆ ಕೊಳವೆಯ ನಡುಭಾಗದ ಸೈಲೆನ್ಸರಿಗೆ ತೂತು ಬಿದ್ದ ಮೇಲೆ. ಮಳೆಗಾಲ ಶುರುವಾಗುವ ಹೊತ್ತಿಗೆ ಕಾರು ಗುಡುಗತೊಡಗಿತು. ಪೂಜೆಗೆ ಮೊದಲೇ ನಿಮ್ಮಲ್ಲಿ ಢಾಕ್ ಡೋಲು ಬಾರಿಸಲು ಶುರುವಾಯಿತಲ್ಲ ಎಂದು, ಇಲ್ಲಿನ ರೂಢಿಯಂತೆ ನಾನು ಬೌದಿ, ಎಂದರೆ ಅತ್ತಿಗೆ, ಎಂದು ಕರೆಯುವ ಕೆಳಗಿನ ಮನೆಯಾಕೆ ಗೇಲಿ ಮಾಡಿದರು. ಗೇಲಿಯನ್ನು ತಡೆದುಕೊಳ್ಳಬಹುದಿತ್ತು, ಹೊಗೆ ಕಾರಿನೊಳಗೇ ಬಂದು ತಲೆನೋವು ಹತ್ತಿದ್ದನ್ನು ತಡೆಯಲಾಗಲಿಲ್ಲ.

ದುರ್ಗಾಪೂಜೆಗೆ ಮೆಕ್ಯಾನಿಕ್ಕುಗಳೆಲ್ಲ ಊರು ಸೇರಿದ್ದರು. ನಮ್ಮೆಜಮಾನರು ರೈಲ್ವೆಯವರು, ಊರಿಗೆಲ್ಲ ರಜ ಇದ್ದಾಗಲೇ ಅವರಿಗೆ ಮೈತುಂಬ ಕೆಲಸ. ಹೊಸ ಕೊಳವೆಯನ್ನಂತೂ ತರಿಸಿಟ್ಟಿದ್ದೆ, ನಾನೇ ಹಾಕುತ್ತೇನೆಂದು ಸೆರಗು ಕಟ್ಟಿದೆ. ಅಷ್ಟಮಿಯ ಬೆಳಗ್ಗೆ ಕಾರನ್ನು ಜಾಕ್‌ನಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಡಿಗೆ ನುಸುಳಿದೆ. ತುಕ್ಕಿನ ಹುಡಿ ಕಣ್ಣಿಗೇ ಉದುರಿತು, ನಟ್ಟುಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅವುಗಳಿಗೆ ಎಣ್ಣೆ ಕುಡಿಸಿ, ರಾತ್ರಿಯೆಲ್ಲ ನೆನೆಯಲಿ ಎಂದು ಕಾರನ್ನು ಇಳಿಸಿ ಮೇಲೆ ಬಂದೆ.

ಮಾರನೆಯ ದಿನ ಆಯುಧಪೂಜೆ ಎಂಬುದನ್ನೇ ಮರೆತಿದ್ದೆ ನೋಡಿ. ಬೆಳಗಾಗುವಷ್ಟರಲ್ಲಿ ನನ್ನ ಸ್ಪ್ಯಾನರು, ಸುತ್ತಿಗೆ, ಹ್ಯಾಕ್ಸಾ ಎಲ್ಲವೂ ಕುಂಕುಮ ಇಟ್ಟುಕೊಂಡು, ಚೆಂಡುಹೂ ಮುಡಿದು ದೇವರ ಮುಂದೆ ಕುಳಿತಿದ್ದವು. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ, ಸರಿ. ಕಾರಿಗೂ ಹಾರ ಹಾಕಿ ನಿಂಬೆಹಣ್ಣಿನ ಮೇಲೆ ಹಾಯಿಸಿದೆ. ಅದು ಬೀದಿ ನಡುಗುವಂತೆ ಗುಡುಗಿತು. ಕಾಲುನೋವೆಂದು ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದ ಅತ್ತೆ ಬಾಲ್ಕನಿಯಿಂದ ನೋಡುತ್ತಾ ಮಗುವಿನಂತೆ ನಗುತ್ತಿದ್ದರು.

ವಿಜಯದಶಮಿಗೆ ಅತ್ತೆಯನ್ನು ಸ್ಪ್ಯಾನರ್ ಕೇಳಿದೆ. ಹಬ್ಬದ ದಿನ ಮಸಿ ಕೆಲಸ ಯಾಕೆ ಅಂದರು. ಮರುದಿನ ಕೇಳಿದರೆ, ದಿನ ಚೆನ್ನಾಗಿಲ್ಲವಂತೆ. ಅದರ ಮರುದಿನ ಕೇಳಿದರೆ, ದೇವರನ್ನು ಇನ್ನೂ ಕದಲಿಸಿಲ್ಲವಂತೆ. ಶಾಸ್ತ್ರದ ವಿಷಯದಲ್ಲಿ ಎಂದೂ ಅಷ್ಟು ಬಿಗಿ ಹಿಡಿದವರಲ್ಲ ಅವರು. ಇದೇನು ಹೊಸ ವರಸೆ ಎಂದು ನನ್ನ ಕುತೂಹಲ ಕಿವಿ ನೆಟ್ಟಗೆ ಮಾಡಿಕೊಂಡಿತು.

ಅಷ್ಟರಲ್ಲಿ ಒಂದು ಸಂಜೆ ಆಟೋದಲ್ಲಿ ಮಾರ್ಕೆಟ್ಟಿಗೆ ಹೋಗಿ ಬಂದೆ. ಕಾಫಿ ಇರಲಿಲ್ಲ; ಅತ್ತೆ ನನ್ನನ್ನು ಕಂಡು ಬೆಚ್ಚಿಬಿದ್ದು, ಯಾವಾಗ ಬಂದೆ ಎಂದು ಕೇಳಿದರು. ಮರುದಿನ, ಗಾಜೆಲ್ಲ ಇಳಿಸಿಕೊಂಡು, ಕಾರಿನಲ್ಲೇ ಹೋಗಿ ಬಂದೆ. ಕಾಫಿ ಸಿದ್ಧ. ಆಮೇಲೊಂದು ದಿನ ಬೇಕೆಂದೇ ಕಾರನ್ನು ದೂರದ ತಿರುವಿನಲ್ಲಿ ನಿಲ್ಲಿಸಿ ನಡೆದು ಬಂದೆ, ಮತ್ತೆ ಬೆಚ್ಚಿದರು. ಮಂದಗಿವಿಗೆ ಸಣ್ಣ ದನಿ ತಲುಪದಿದ್ದರೂ ಗಡಸು ದನಿ ತಲುಪಬಹುದು, ನೆಲವೂ ಒಂದಿಷ್ಟು ನಡುಗಿ ತಿಳಿಸಬಹುದು ಎಂದು ತರಗತಿಯಲ್ಲಾದರೆ ವಿವರಿಸುತ್ತಿದ್ದೆ. ಮನೆಯಲ್ಲಿ ಸುಮ್ಮನೆ ಅವರ ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು, ಕಾರಿನ ಸದ್ದು ಕೇಳಿಸುತ್ತಾ ಎಂದೆ. ಅತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

"ಗಂಟೆ ಕೇಳಿಸಲ್ಲ, ಫೋನು ಕೇಳಿಸಲ್ಲ, ನೀವು ಆಡೋದು ಅರ್ಧಂಬರ್ಧ ಕೇಳಿಸುತ್ತೆ. ನೀನು ಬರೋದೊಂದು ಮಾತ್ರ ಪೂರ್ತಿ ಕೇಳಿಸುತ್ತೆ ಕಣೆ."

ಹಾಳಾದ ಕೊಳವೆ ಹಾಗೇ ಇರಲಿ ಬಿಡಿ ಎಂದುಬಿಟ್ಟೆ. ಅವರು ಒಪ್ಪಲಿಲ್ಲ. ಹೊಗೆ ಒಳಗೆ ಬರುತ್ತದೆಂದು ಮಗ ತೂತಿನ ಫೋಟೋ ತೋರಿಸಿ ಹೇಳಿದ್ದನಂತೆ. ಅಂದಿನಿಂದ ನಾಳೆ ಕೊಡೋಣ, ನಾಳೆ ಕೊಡೋಣ ಎಂದುಕೊಂಡೇ ದಿನ ತಳ್ಳಿದರಂತೆ. ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಬಳಿ ಸ್ಪ್ಯಾನರುಗಳು ಕುಂಕುಮ ಸಮೇತ ಕಾದಿದ್ದವು.

ಕಾರನ್ನು ಮತ್ತೆ ಸ್ಟ್ಯಾಂಡಿಗೇರಿಸಿ ಅಡಿಗೆ ನುಸುಳಿದೆ. ಎಣ್ಣೆ ಕುಡಿದ ನಟ್ಟುಗಳಲ್ಲಿ ಒಂದು ಕಿರುಗುಟ್ಟಿ ತಿರುಗಿತು, ಇನ್ನೊಂದನ್ನು ಗರಗಸದಿಂದ ಕೊಯ್ದೆ. ಕೊಳೆತ ತುಂಡನ್ನು ರಬ್ಬರ್ ಕೊಂಡಿಗಳಿಂದ ಬಿಡಿಸಿದರೆ ಒಣ ಬಿದಿರಿನಷ್ಟೂ ಭಾರವಿರಲಿಲ್ಲ. ಹೊಸದನ್ನು ತೂಗುಹಾಕಿ, ಸಂದಿಗೆ ಗ್ಯಾಸ್ಕೆಟ್ ಇಟ್ಟು, ಬೋಲ್ಟು ಬಿಗಿದು, ಕಾರನ್ನು ಕೆಳಗಿಳಿಸಿ, ಚಾವಿ ತಿರುಗಿಸಿದೆ. ಕಾರು ಉಸಿರಾಡುವಷ್ಟು ಮೆಲ್ಲಗೆ ಶುರುವಾಯಿತು. ತಲೆಯೆತ್ತಿ ನೋಡಿದರೆ ಬಾಲ್ಕನಿಯಲ್ಲಿ ನಿಂತಿದ್ದ ಅತ್ತೆ, ಇನ್ನೂ ಯಾವಾಗ ಶುರುಮಾಡುತ್ತೀಯೆ ಎಂದು ಕೈಸನ್ನೆ ಮಾಡಿದರು. ಗೆದ್ದ ಕೆಲಸ ಇಷ್ಟು ಸಂಕಟ ಕೊಟ್ಟದ್ದು ನನಗೆ ನೆನಪಿಲ್ಲ.

ರಜ ಮುಗಿದು ಕಾಲೇಜು ತೆರೆಯಿತು. ಮೊದಲ ದಿನ ಸಂಜೆ ಸದ್ದಿಲ್ಲದೆ ನಮ್ಮ ಬೀದಿಗೆ ತಿರುಗಿದೆ. ಗೇಟಿನ ಪಕ್ಕ, ಬೌದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೊದ್ದ ಶಾಲನ್ನು ಸರಿಮಾಡಿಕೊಳ್ಳುತ್ತಾ ಅತ್ತೆ ಕೂತಿದ್ದರು. ಊಟವಾದೊಡನೆ ಒಬ್ಬರೇ ಕಂಬಿ ಹಿಡಿದು ಮೆಟ್ಟಿಲಿಳಿದು ಬಂದರೆಂದೂ, ಒಳಗೆ ಬನ್ನಿ ಎಂದರೆ ಬರಲಿಲ್ಲವೆಂದೂ ಬೌದಿ ಹೇಳಿದರು. ನಾನು ಕಾರಿನಿಂದ ಇಳಿದು ಅವರ ಕೈ ಹಿಡಿದುಕೊಂಡೆ.

"ಸದ್ದು ಬರಲ್ವಲ್ಲ," ಅಂದರು ಅತ್ತೆ, "ಅದಕ್ಕೆ ನಾನೇ ಬಂದೆ."